ಒಂದು ಚೀಲ ಕಡಿಮೆ

ಚಿಕ್ಕಬಾಣಾವರ
2 ಜುಲೈ 2025

ಮುನಿಕೃಷ್ಣ ಸಾರ್ ಅವರಿಗೆ,

ಮೊದಲು ಕ್ಷಮಿಸಿ. ಗುರುತು ಪರಿಚಯ ಇಲ್ಲದವರಿಗೆ ಹೀಗೆ ಬರೆಯಬಹುದೋ ಇಲ್ಲವೋ ನನಗೆ ಗೊತ್ತಿಲ್ಲ. ಪತ್ರ ಅನ್ನುವುದನ್ನು ನಾನು ಪರೀಕ್ಷೆಯಲ್ಲಿ ಐದು ಮಾರ್ಕಿಗೆ ಬಿಟ್ಟರೆ ಬೇರೆಲ್ಲೂ ಬರೆದಿಲ್ಲ. ಇದು ನಾಲ್ಕನೇ ಸಲ ಬರೆಯುತ್ತಿರುವುದು. ಮೊದಲ ಮೂರನ್ನು ಹರಿದೆ. ಬೇಸರವಾದರೆ ಇಲ್ಲಿಗೇ ನಿಲ್ಲಿಸಿಬಿಡಿ ಸಾರ್.

ನನ್ನ ಹೆಸರು ಶಿವಗಂಗಾ. ಬಿ.ಎ. ಮೊದಲ ವರ್ಷ, ಕಾಲೇಜಿಗೆ ಸೇರಿ ಮೂರು ವಾರವಾಯಿತು. ಆರನೇ ಕ್ಲಾಸಿನಿಂದ ಹಾಸ್ಟೆಲಿನಲ್ಲೇ ಓದಿದವಳು, ಈಗಲೂ ಹಾಸ್ಟೆಲ್. ನಮ್ಮ ಊರು ಕೊಪ್ಪಳದ ಕಡೆ. ಅಪ್ಪ, ಅಮ್ಮ, ಅಜ್ಜಿ ಲಗ್ಗೆರೆಯಲ್ಲಿ ಬಾಡಿಗೆಗೆ ಇದ್ದಾರೆ. ಅಮ್ಮ ಪೀಣ್ಯದಲ್ಲಿ ಗಾರ್ಮೆಂಟ್ಸಿಗೆ ಹೋಗುತ್ತಾಳೆ.

ನಮ್ಮ ಕಾಲೇಜು ಲೈಬ್ರರಿಯಲ್ಲಿ ಯಾರೋ ದಾನ ಕೊಟ್ಟ ಪುಸ್ತಕಗಳ ರ‍್ಯಾಕಿನಲ್ಲಿ ನಿಮ್ಮ ದಳದ ಚರಿತ್ರೆ ಸಿಕ್ಕಿತು. ಇಂಗ್ಲಿಷಿನಲ್ಲಿದೆ, ತೊಂಬತ್ತಾರು ಪುಟ. ಯುದ್ಧದ ವರ್ಷಗಳಲ್ಲಿ ವಿಮಾನದಿಂದ ಈಶಾನ್ಯ ಗಡಿಯ ಬೆಟ್ಟದ ಠಾಣೆಗಳಿಗೆ ದಿನಸಿ ಎಸೆಯುತ್ತಿದ್ದವರ ಕಥೆ. ಕೊನೆಯ ಪುಟದಲ್ಲಿ ಬದುಕಿರುವವರ ಹುಟ್ಟಿದ ವರ್ಷ, ವಿಳಾಸಗಳಿವೆ. ನಿಮ್ಮ ಹೆಸರಿನ ಮುಂದೆ ‘ಫೋನ್ ಬೇಡ, ಕಿವಿ ಕೇಳಿಸದು, ಕಾಗದ ಬರೆಯಿರಿ’ ಎಂದಿದೆ. ಅದನ್ನು ಓದಿ ನನಗೆ ಸ್ವಲ್ಪ ಧೈರ್ಯ ಬಂತು. ಫೋನಿನಲ್ಲಿ ನನಗೆ ಮಾತೇ ಹೊರಡುವುದಿಲ್ಲ.

ವಿಷಯಕ್ಕೆ ಬರುತ್ತೇನೆ. ನನ್ನ ಅಜ್ಜಿ ಚನ್ನಕ್ಕ. ಅಮ್ಮನ ತಾಯಿ. ಅವರ ಗಂಡ ಮುದಕಪ್ಪ ನಿಮ್ಮ ದಳದಲ್ಲಿ ದರ್ಜಿಯಾಗಿದ್ದರು. ಸಾವಿರದ ಒಂಬೈನೂರ ಎಪ್ಪತ್ತೊಂದರ ಡಿಸೆಂಬರಿನಲ್ಲಿ ಅವರು ಓಡಿಹೋದರು ಅಂತ ಊರಿಗೆ ಒಂದು ಕಾಗದ ಬಂತು. ಹಿಂದೆಯೇ ಪೊಲೀಸರು ಬಂದರು. ಜೋಳ ತುಂಬಿಡುವ ನೆಲದಡಿಯ ಹಗೇವಿನೊಳಗೆ ಕೋಲು ಬಿಟ್ಟು ಹುಡುಕಿದರಂತೆ. ನನ್ನಮ್ಮ ಆಗ ಹೊಟ್ಟೆಯಲ್ಲಿದ್ದಳು. ಶಾಲೆ ಸೇರಿದ ಮೇಲೆ ಅವಳನ್ನು ಹೆಸರು ಹಿಡಿದು ಕರೆದವರು ಕಡಿಮೆ. ಓಡಿಹೋದವನ ಮಗಳು ಅಂತಲೇ ಎಲ್ಲರೂ ಕರೆದದ್ದು.

ಅಜ್ಜಿ ಇವತ್ತಿಗೂ ಕುಂಕುಮ ಇಡುತ್ತಾರೆ. ಮಹಾಲಯ ಅಮಾವಾಸ್ಯೆಗೆ ನಮ್ಮಲ್ಲಿ ತೀರಿಹೋದ ಹಿರಿಯರಿಗೆ ಎಡೆ ಇಡುತ್ತಾರೆ. ಅಜ್ಜಿ ಅತ್ತೆ ಮಾವನಿಗೆ ಇಡುತ್ತಾರೆ, ಗಂಡನಿಗೆ ಇಡುವುದಿಲ್ಲ. ಬದುಕಿದ್ದವರಿಗೆ ಇಟ್ಟರೆ ಅವರ ಆಯುಸ್ಸು ಕಡಿಮೆಯಾಗುತ್ತದಂತೆ. ಈ ಯುಗಾದಿಗೆ ಅಜ್ಜಿಗೆ ಹಾರ್ಟಿಗೆ ಸ್ಟೆಂಟ್ ಹಾಕಿಸಿದೆವು. ಆಸ್ಪತ್ರೆಯಿಂದ ಬಂದ ದಿನ ಒಂದೇ ಮಾತು ಅಂದರು: “ಅಂವ ಅದಾನೋ ಇಲ್ಲೋ, ಈ ಸಲನರ ಗೊತ್ತಾಗಬೇಕವ್ವ.”

ಅವರು ನಿಜವಾಗಿ ಓಡಿಹೋದರಾ ಸಾರ್? ಆಮೇಲೆ ಏನಾದರು? ಅಷ್ಟು ಗೊತ್ತಾದರೆ ಸಾಕು.

ಇಂತಿ,
ಶಿವಗಂಗಾ

* * *

ಮಾರತ್ತಹಳ್ಳಿ
12 ಜುಲೈ 2025

ಚಿರಂಜೀವಿ ಶಿವಗಂಗಾಳಿಗೆ,

ಪತ್ರ ತಲುಪಿತು. ನನಗೆ ಕಾಗದ ಬಂದು ಐದಾರು ವರ್ಷವಾಗಿತ್ತು. ಸೊಸೆ ಆಶಾರಾಣಿ ಯಾವುದೋ ಬ್ಯಾಂಕಿನ ನೋಟೀಸು ಅಂದುಕೊಂಡು ಹೆದರಿಕೊಂಡೇ ತಂದುಕೊಟ್ಟಳು. ಕ್ಷಮೆ ಕೇಳಬೇಡ ಮಗು. ಕಿವಿ ಹೋದ ಮುದುಕನಿಗೆ ಯಾರು ಬರೆದರೂ ಹಬ್ಬವೇ.

ನಮ್ಮ ದಳದ ಬಗ್ಗೆ ತಿಳಿಯುವ ಆಸೆ ನಿನಗಿದೆ ಎಂದು ಸಂತೋಷವಾಯಿತು. ಆ ಇಂಗ್ಲಿಷ್ ಪುಸ್ತಕ ಸಾಹೇಬರುಗಳು ಬರೆದದ್ದು. ಅದರಲ್ಲಿ ತಾರೀಖು ಇದೆ, ವಾಸನೆ ಇಲ್ಲ. ನಾನು ಹೇಳುತ್ತೇನೆ ಕೇಳು.

ಅರವತ್ತೆರಡರ ಯುದ್ಧದಲ್ಲಿ ಅವಸರಕ್ಕೆ ಕಟ್ಟಿದ ದಳ ಅದು. ಲಾರಿ ಓಡಿಸುತ್ತಿದ್ದವರನ್ನೂ ಮೂಟೆ ಹೊರುತ್ತಿದ್ದವರನ್ನೂ ಒಟ್ಟುಮಾಡಿ ವಿಮಾನ ಹತ್ತಿಸಿದರು. ಬೆಟ್ಟಗಳ ಮೇಲೆ ಠಾಣೆಗಳು, ರಸ್ತೆ ಇಲ್ಲ. ಅಲ್ಲಿದ್ದವರಿಗೆ ಉಪ್ಪು, ಸೀಮೆಎಣ್ಣೆ, ಸೂಜಿ, ದಾರ ಎಲ್ಲವೂ ಆಕಾಶದಿಂದಲೇ ಬರಬೇಕು. ನಾನು ಸೇರಿದ್ದು ಅರವತ್ತಾರರಲ್ಲಿ. ಎಪ್ಪತ್ತೊಂದರ ಹೊತ್ತಿಗೆ ನಾಯಕ್ ಆಗಿದ್ದೆ. ನನ್ನ ಕೈಕೆಳಗೆ ಮೂವರು.

ಡಕೋಟಾ ವಿಮಾನದ ಬಾಗಿಲನ್ನು ಕಳಚಿಟ್ಟೇ ಹಾರುತ್ತಿದ್ದೆವು. ಬಾಗಿಲ ಬಳಿ ಚೀಲ ಜೋಡಿಸಿ, ನಾಲ್ಕು ಜನ ಸೊಂಟಕ್ಕೆ ಬೆಲ್ಟು ಬಿಗಿದುಕೊಂಡು ಅಂಗಾತ ಮಲಗಿ, ಗಂಟೆ ಹೊಡೆದ ತಕ್ಷಣ ಎರಡೂ ಕಾಲಿನಿಂದ ಒದೆಯಬೇಕು. ಅಷ್ಟೇ ಕೆಲಸ. ಪ್ಯಾರಾಚೂಟಿಗೆ ನಾವು ಛತ್ರಿ ಅನ್ನುತ್ತಿದ್ದೆವು: ಔಷಧಿಗೆ ಕೆಂಪು ಛತ್ರಿ, ಎಣ್ಣೆ ಡಬ್ಬಕ್ಕೆ ನೀಲಿ. ಹಿಟ್ಟು ಅಕ್ಕಿಗೆ ಛತ್ರಿಯಿಲ್ಲ, ಹಾಗೇ ಬೀಳಬೇಕು. ಅದಕ್ಕೆ ಒಂದು ಉಪಾಯ: ತುಂಬಿದ ಚೀಲವನ್ನು ಇನ್ನೊಂದು ದೊಡ್ಡ ಚೀಲದೊಳಗೆ ಹಾಕಿ ಬಾಯಿ ಹೊಲಿಯುವುದು. ನೆಲಕ್ಕೆ ಬಡಿದಾಗ ಒಳಗಿನದು ಒಡೆದರೂ ಹೊರಗಿನದು ಹಿಡಿದುಕೊಳ್ಳುತ್ತದೆ.

ಬೆಳಗಿನ ಮಂಜಿನಲ್ಲಿ ಆ ಕಣಿವೆಗಳು ಹಾಲು ತುಂಬಿದ ಪಾತ್ರೆಯ ಹಾಗಿರುತ್ತಿದ್ದವು. ಚೀಲ ಆ ಹಾಲಿನೊಳಗೆ ಇಳಿದು ಮಾಯವಾಗುತ್ತಿತ್ತು. ಬಿದ್ದ ಸದ್ದು ಕೇಳುತ್ತಿರಲಿಲ್ಲ. ನಮ್ಮ ಕಿವಿಯಲ್ಲಿ ಇಂಜಿನ್ ಒಂದೇ. ಒಂದೊಂದು ಸಲ ಇದೆಲ್ಲ ನೀರೊಳಗೆ ನಡೆಯುತ್ತಿದೆ ಅನ್ನಿಸುತ್ತಿತ್ತು.

ಚೆನ್ನಾಗಿ ಓದು. ಅಜ್ಜಿಯವರ ಆರೋಗ್ಯ ನೋಡಿಕೋ. ಮೆಟ್ಟಿಲು ಹತ್ತಿಸಬೇಡ.

ಆಶೀರ್ವಾದಗಳೊಂದಿಗೆ,
ಮುನಿಕೃಷ್ಣ

* * *

ಚಿಕ್ಕಬಾಣಾವರ
21 ಜುಲೈ 2025

ತಾತ,

ಹೀಗೆ ಕರೆಯಬಹುದಾ? ಸಾರ್ ಅಂತ ಬರೆದು ಹೊಡೆದುಹಾಕಿದೆ. ಕೊಳಕಾಗಿ ಕಂಡರೆ ಸಾರಿ.

ನಿಮ್ಮ ಪತ್ರವನ್ನು ಮೂರು ದಿನ ಪುಸ್ತಕದಲ್ಲಿಟ್ಟುಕೊಂಡು ಓಡಾಡಿದೆ. ರೂಮ್‌ಮೇಟ್ ವೇಣಿ, ಯಾರೇ ಅದು, ಲವ್ ಲೆಟರಾ, ಅಂತ ಕಾಡಿಸಿದಳು. ಎಪ್ಪತ್ತೆಂಟು ವರ್ಷದವರು ಅಂದೆ. ಹಾಗಾದ್ರೆ ಸೇಫ್ ಬಿಡು, ಅಂದಳು.

ಆ ಹಾಲಿನ ಕಣಿವೆ ನನ್ನ ಕನಸಿಗೂ ಬಂತು. ಆದರೆ ಅದು ಲಗ್ಗೆರೆಯ ಮೇಲಿತ್ತು. ನಮ್ಮ ಬೀದಿಯ ಶೀಟಿನ ಮನೆಗಳು, ನೀರಿನ ಟ್ಯಾಂಕುಗಳು, ಪೀಣ್ಯದ ಹೊಗೆ ಕೊಳವೆಗಳು ಎಲ್ಲ ಮಂಜಿನೊಳಗೆ ಮುಳುಗಿದ್ದವು. ಮೇಲಿಂದ ಕೆಂಪು ನೀಲಿ ಛತ್ರಿಗಳು ಸುಮ್ಮನೆ ಇಳಿಯುತ್ತಿದ್ದವು. ಯಾರೂ ಮನೆಯಿಂದ ಹೊರಗೆ ಬಂದು ನೋಡುತ್ತಿರಲಿಲ್ಲ. ನನಗೊಬ್ಬಳಿಗೇ ಕಾಣುತ್ತಿತ್ತು, ಕೂಗಲು ಹೋದರೆ ದನಿ ಬರುತ್ತಿರಲಿಲ್ಲ.

ಭಾನುವಾರ ಮನೆಗೆ ಹೋಗಿ ಅಜ್ಜಿಗೆ ಪೂರ್ತಿ ಓದಿದೆ. ಅಜ್ಜಿಗೆ ಓದು ಬರುವುದಿಲ್ಲ. ಬಾಗಿಲ ಹೊಸ್ತಿಲ ಮೇಲೆ ಕೂತು ಕೇಳಿದರು. ಮನೆ ಮಾಲೀಕರ ಹೆಂಡತಿ ಲಕ್ಷ್ಮಮ್ಮನೂ ಬಂದು ಕೂತರು. ಸಿನಿಮಾದಂಗೈತೆ ಕಣಮ್ಮಿ, ಇನ್ನೊಂದ್ಸಲ ಓದು, ಅಂದರು. ಅಜ್ಜಿ ಮಾತ್ರ ಪತ್ರ ಇಸಿದುಕೊಂಡು ಹಿಂದೆ ಮುಂದೆ ತಿರುಗಿಸಿ ನೋಡಿದರು. ಆಮೇಲೆ ಅಂದರು: “ಎಲ್ಲಾ ಬರದಾರ. ಚೀಲದ ಬಾಯಿ ಹೊಲದಾಂವ ಯಾರು ಅಂತ ಬರದಿಲ್ಲಲ್ಲ.”

ತಾತ, ನನಗೆ ಅದು ಹೊಳೆದೇ ಇರಲಿಲ್ಲ. ನೀವು ಮರೆತಿರಬಹುದು, ಅಷ್ಟು ವರ್ಷವಾಯಿತು. ಅವರ ಒಂದು ಫೋಟೋ ಇದೆ, ಮದುವೆಯದು. ಸಣ್ಣ ಆಳು, ಕಿವಿ ಮುಂದಕ್ಕೆ ಚಾಚಿವೆ. ಫೋಟೋ ಕಳಿಸಿದರೆ ನೆನಪಾಗುತ್ತದೆಯಾ?

ಒತ್ತಾಯ ಅಂದುಕೊಳ್ಳಬೇಡಿ. ದಳದ ಬಗ್ಗೆ ಬರೆದದ್ದು ನನಗೆ ತುಂಬ ಇಷ್ಟವಾಯಿತು. ಆದರೆ ಅಜ್ಜಿ ಫೋನ್ ಮಾಡಿದಾಗಲೆಲ್ಲ, ಬಂತೇನ, ಅಂತ ಕೇಳುತ್ತಾರೆ.

ಶಿವಗಂಗಾ

* * *

ಮಾರತ್ತಹಳ್ಳಿ
4 ಆಗಸ್ಟ್ 2025

ಚಿರಂಜೀವಿ ಶಿವಗಂಗಾಳಿಗೆ,

ಉತ್ತರ ತಡವಾಯಿತು. ಮಳೆಗೆ ಮಂಡಿ ನೋವು, ಅಂಚೆ ಡಬ್ಬದ ತನಕ ನಡೆಯಲಾಗಲಿಲ್ಲ.

ಫೋಟೋ ಬೇಡ ಮಗು. ನೆನಪಿದೆ. ಮುದಕಪ್ಪ ಒಳ್ಳೆಯ ಕೆಲಸಗಾರ. ದಬ್ಬಳದಲ್ಲಿ ಚೀಲದ ಬಾಯಿಗೆ ಹದಿನಾರು ಹೊಲಿಗೆ ಹಾಕುತ್ತಿದ್ದರು, ಹದಿನೈದಲ್ಲ, ಹದಿನೇಳಲ್ಲ. ಹೆಚ್ಚು ಮಾತಿಲ್ಲ. ನಾವೆಲ್ಲ ಬೀಡಿ ಸೇದುತ್ತ ಕೂತರೆ ಅವರು ಗಾಳಿಯ ದಿಕ್ಕು ತೋರಿಸುವ ಬಟ್ಟೆಯ ಕೊಳವೆಯನ್ನು ನೋಡುತ್ತ ಕೂರುತ್ತಿದ್ದರು, ಅದರ ಹರುಕನ್ನು ಹೊಲಿಯಬೇಕು ಅಂತ.

ಆ ಡಿಸೆಂಬರ್ ನಮಗೆ ಹಗಲು ಯಾವುದು, ರಾತ್ರಿ ಯಾವುದು ಗೊತ್ತಾಗುತ್ತಿರಲಿಲ್ಲ. ದಿನಕ್ಕೆ ಮೂರು ಸಲ ಹಾರುತ್ತಿದ್ದೆವು. ಇಳಿದು ಚಹಾ ಕುಡಿಯುವಾಗಲೂ ನೆಲ ಓಲಾಡುತ್ತಿತ್ತು. ಅಂಥ ಹೊತ್ತಿನಲ್ಲಿ ಒಂದು ದಿನ ಅವರು ಕಾಣದಾದರು.

ಅಲ್ಲಿನ ಬೆಟ್ಟದ ಜನ ಬಹಳ ಒಳ್ಳೆಯವರು. ನಮ್ಮ ಛತ್ರಿಯ ಬಟ್ಟೆ ಸಿಕ್ಕರೆ ಮಕ್ಕಳಿಗೆ ಅಂಗಿ ಹೊಲಿಯುತ್ತಿದ್ದರು. ಬಿದಿರಿನ ಮನೆ, ಕೆಳಗೆ ಹಂದಿ ಕೋಳಿ, ಮೇಲೆ ಜನ. ಕಿತ್ತಳೆ ಗಿಡಗಳು. ಹೊರಗಿನವನೊಬ್ಬ ಬಂದು ಹೊಲಿಗೆ ಬಲ್ಲೆ ಅಂದರೆ ಅವರು ಬೇಡ ಅನ್ನುವವರಲ್ಲ. ಯುದ್ಧ ಬೇಸರವಾಗಿ ಹಾಗೆ ಉಳಿದುಕೊಂಡವರು ಒಬ್ಬಿಬ್ಬರು ಇದ್ದರು ಅಂತ ಕೇಳಿದ್ದೇನೆ. ಬದುಕಿದ್ದರೂ ಇರಬಹುದು. ಅಜ್ಜಿಗೆ ಹಾಗೆ ಹೇಳು. ಕುಂಕುಮ ತೆಗೆಯುವುದು ಬೇಡ.

ಇನ್ನೊಂದು ಮಾತು. ಈ ಕಾಗದಗಳನ್ನು ನಿಮ್ಮ ಮನೆಯವರಲ್ಲದೆ ಬೇರೆ ಯಾರಾದರೂ ಓದುತ್ತಾರೆಯೇ? ವಕೀಲರು, ಪೇಪರಿನವರು? ತಪ್ಪು ತಿಳಿಯಬೇಡ. ಸುಮ್ಮನೆ ಕೇಳಿದೆ.

ಆಶೀರ್ವಾದಗಳೊಂದಿಗೆ,
ಮುನಿಕೃಷ್ಣ

* * *

ಚಿಕ್ಕಬಾಣಾವರ
12 ಆಗಸ್ಟ್ 2025

ತಾತ,

ವಕೀಲರು ಯಾರೂ ಇಲ್ಲ. ನಮಗೆ ಗೊತ್ತಿರುವ ದೊಡ್ಡ ಮನುಷ್ಯರು ಅಂದರೆ ಲಕ್ಷ್ಮಮ್ಮ.

ನಾನೊಂದು ತಪ್ಪು ಮಾಡಿದೆನೋ ಏನೋ. ನಿಮ್ಮ ಪತ್ರವನ್ನು ಹೇಗಿತ್ತೋ ಹಾಗೇ ಓದಿಬಿಟ್ಟೆ. ಬದುಕಿದ್ದರೂ ಇರಬಹುದು ಅನ್ನುವ ಕಡೆ ಬಂದಾಗ ಅಜ್ಜಿ ನನ್ನ ಕೈ ಹಿಡಿದು ನಿಲ್ಲಿಸಿದರು. ಕಿತ್ತಳೆ ಗಿಡದ ಬಗ್ಗೆ ಮತ್ತೆ ಓದಿಸಿದರು. ಆಮೇಲೆ ನಗಾಡಿದರು. ತಾತ, ನಮ್ಮಜ್ಜಿ ನಗುವುದನ್ನು ನಾನು ಹಾಗೆ ನೋಡೇ ಇಲ್ಲ. ನಗುತ್ತ ನಗುತ್ತ ಬೈದರು. ಅಲ್ಲೊಬ್ಬಳನ್ನ ಕಟ್ಟಿಕೊಂಡು ಕಿತ್ತಳಿ ತಿನ್ನಾಕ ಹತ್ಯಾನ, ಅಂದರು.

ಮರುದಿನದಿಂದ ಹಟ ಹಿಡಿದಿದ್ದಾರೆ, ಅಲ್ಲಿಗೆ ಹೋಗುತ್ತೇನೆ ಅಂತ. ಅಮ್ಮ ಜಗಳ ಮಾಡಿದಳು. ಡಾಕ್ಟರು ಬಸ್ಸೇ ಹತ್ತಬೇಡ ಅಂದಿದ್ದಾರೆ, ಮೂರು ದಿನದ ರೈಲು ಹತ್ತುತ್ತೀಯಾ, ಅಂತ. ಅಜ್ಜಿ ಜಗ್ಗಲಿಲ್ಲ. “ಇದ್ರ ಬೈದು ಬರ್ತೀನಿ, ಇಲ್ಲಂದ್ರ ಅತ್ತು ಬರ್ತೀನಿ. ಎರಡರಾಗ ಒಂದು ಆಗಲಿ,” ಅಂದರು. ಎರಡು ಸೀರೆ ಮಡಿಚಿ ಚೀಲದಲ್ಲಿ ಇಟ್ಟುಕೊಂಡಿದ್ದಾರೆ. ಸೆಪ್ಟೆಂಬರ್ ಹತ್ತಕ್ಕೆ, ಆ ಕಡೆ ಹೋಗುವ ರೈಲಿನ ಕೊನೆಯ ಸ್ಟೇಷನ್ನಿನವರೆಗೆ, ಇಬ್ಬರಿಗೆ ಟಿಕೆಟ್ ಬುಕ್ ಮಾಡಿದ್ದೇವೆ, ಅಜ್ಜಿಗೆ, ನನಗೆ. ನಾನು ಮೆಜೆಸ್ಟಿಕ್ಕಿನಲ್ಲೇ ದಾರಿ ತಪ್ಪುವವಳು. ಅಜ್ಜಿಗೆ ದಾರಿಯಲ್ಲಿ ಏನಾದರೂ ಆದರೆ ಏನು ಮಾಡಬೇಕು ಅಂತ ಯೋಚಿಸಿ ಯೋಚಿಸಿ ಊಟ ಸೇರುತ್ತಿಲ್ಲ.

ಯಾವ ಸ್ಟೇಷನ್ನಿನಲ್ಲಿ ಇಳಿಯಬೇಕು? ಅಲ್ಲಿಂದ ಯಾವ ಬೆಟ್ಟ, ಯಾವ ಹಳ್ಳಿ? ಹೆಸರು ಬರೆದುಕೊಡಿ.

ಶಿವಗಂಗಾ

* * *

ಚಿಕ್ಕಬಾಣಾವರ
25 ಆಗಸ್ಟ್ 2025

ಮುನಿಕೃಷ್ಣ ಅವರಿಗೆ,

ಹದಿಮೂರು ದಿನವಾಯಿತು. ನಿಮ್ಮಿಂದ ಏನೂ ಬಂದಿಲ್ಲ.

ಮೊನ್ನೆ ಶನಿವಾರ ನಾನು ನಿಮ್ಮ ಮನೆಯವರೆಗೂ ಬಂದಿದ್ದೆ. ಎರಡು ಬಸ್ಸು, ಎರಡೂವರೆ ಗಂಟೆ. ಮಾರತ್ತಹಳ್ಳಿ ಬ್ರಿಡ್ಜ್ ಹತ್ತಿರ ಇಳಿದು ಕೇಳಿಕೊಂಡು ಬಂದೆ. ಮೇಲೆ ನಾಲ್ಕು ಫ್ಲೋರ್ ಲೇಡೀಸ್ ಪಿಜಿ, ಕೆಳಗೆ ನಿಮ್ಮ ಮನೆ. ಗೇಟಿನೊಳಗೆ ಪ್ಲಾಸ್ಟಿಕ್ ಕುರ್ಚಿಯ ಮೇಲೆ ನೀವು ಕೂತಿದ್ದಿರಿ. ನೀವೇ ಅಂತ ಹೇಗೆ ಗೊತ್ತಾಯಿತು ಅಂದರೆ, ಒಂದು ವಿಮಾನ ತುಂಬ ಕೆಳಗೆ ಹೋಯಿತು. ಬೀದಿಯಲ್ಲಿ ಯಾರೂ ತಲೆ ಎತ್ತಲಿಲ್ಲ. ಕಿವಿ ಕೇಳಿಸದ ನೀವು ಎತ್ತಿದಿರಿ. ಅದು ಕಟ್ಟಡಗಳ ಹಿಂದೆ ಹೋಗಿ ಎಷ್ಟೋ ಹೊತ್ತಾದರೂ ಅಲ್ಲೇ ನೋಡುತ್ತಿದ್ದಿರಿ. ಸೊಸೆ ಇರಬೇಕು, ಬಂದು ನಿಮ್ಮ ಭುಜ ಮುಟ್ಟಿದರು. ಪಿಜಿ ನೋಡೋಕ್ ಬಂದ್ರಾಮ್ಮ, ರೂಮ್ ಖಾಲಿ ಇದೆ, ಅಂತ ನನ್ನನ್ನೂ ಕೇಳಿದರು. ಇಲ್ಲ ಮೇಡಂ ಅಂದು ಹೊರಟುಬಿಟ್ಟೆ. ಬಸ್ಸಿನಲ್ಲಿ ಅತ್ತೆ, ಯಾಕೆ ಅಂತ ಗೊತ್ತಿಲ್ಲ.

ನಾನು ಒಂದು ವಿಷಯ ಮುಚ್ಚಿಟ್ಟಿದ್ದೆ. ಈಗ ಹೇಳುತ್ತೇನೆ. ಓಡಿಹೋದರು ಅಂತ ಬಂದ ಆ ಕಾಗದ ಅಜ್ಜಿಯ ಟ್ರಂಕಿನಲ್ಲಿದೆ. ಊರಲ್ಲಿ ಪೋಸ್ಟ್ ಮಾಸ್ತರರು ಸಾರಾಂಶ ಹೇಳಿದ್ದರಂತೆ, ಪೂರ್ತಿ ಯಾರೂ ಓದಿರಲಿಲ್ಲ. ಪಿಯುಸಿ ರಜೆಯಲ್ಲಿ ನಾನು ಓದಿದೆ. ಡಿಸೆಂಬರ್ ಏಳನೇ ತಾರೀಖು ಮಧ್ಯಾಹ್ನದಿಂದ ಕ್ಯಾಂಪಿನಲ್ಲಿ ಇಲ್ಲ, ಬೆಳಿಗ್ಗೆ ರಸ್ತೆ ಕಡೆಗೆ ಒಬ್ಬರೇ ಹೋಗುವುದನ್ನು ನೋಡಿದವರಿದ್ದಾರೆ ಅಂತ ಇದೆ. ನೋಡಿದವರು ಅಂತ ಸಹಿ ಮಾಡಿರುವವರು ನಾಯಕ್ ಎಂ. ಮುನಿಕೃಷ್ಣ. ಪುಸ್ತಕದಲ್ಲಿ ನಿಮ್ಮ ಹೆಸರು ನೋಡಿದಾಗ ಅದಕ್ಕೇ ನಿಮ್ಮ ವಿಳಾಸ ಬರೆದುಕೊಂಡೆ. ಕೇಳಿದರೆ ನೀವು ಉತ್ತರವನ್ನೇ ಬರೆಯುವುದಿಲ್ಲವೇನೋ ಅಂತ ಹೆದರಿ ಸುಮ್ಮನಿದ್ದೆ.

ಅವರು ರಸ್ತೆ ಕಡೆ ಹೋಗಿದ್ದನ್ನು ನೋಡಿದ್ದರೆ ಮೊದಲ ಪತ್ರದಲ್ಲೇ ಹೇಳಬಹುದಿತ್ತಲ್ಲ? ಹಾಲು, ಮಂಜು, ಕಿತ್ತಳೆ ಎಲ್ಲ ಯಾಕೆ ಬರೆದಿರಿ?

ಹತ್ತನೇ ತಾರೀಖು ನಮ್ಮ ರೈಲು. ಅಜ್ಜಿ ಹೊರಟರೆ ವಾಪಸ್ ಬರುತ್ತಾರೋ ಇಲ್ಲವೋ ನನಗೆ ಗೊತ್ತಿಲ್ಲ. ಅಲ್ಲಿ ಹೋದರೆ ಅವರು ಸಿಗುತ್ತಾರಾ? ಹೌದು ಅಥವಾ ಇಲ್ಲ, ಅಷ್ಟೇ ಬರೆಯಿರಿ.

ಶಿವಗಂಗಾ

* * *

ಮಾರತ್ತಹಳ್ಳಿ
1 ಸೆಪ್ಟೆಂಬರ್ 2025

ಶಿವಗಂಗಾ,

ಇಲ್ಲ. ಸಿಗುವುದಿಲ್ಲ. ರೈಲು ಹತ್ತಿಸಬೇಡ.

ರಸ್ತೆ ಕಡೆ ಹೋಗುವುದನ್ನು ನಾನು ನೋಡಲಿಲ್ಲ. ಯಾರೂ ನೋಡಲಿಲ್ಲ. ಆ ಸಹಿ ನನ್ನದೇ, ಅಲ್ಲಿ ಬರೆದದ್ದು ಸುಳ್ಳು. ನಡೆದದ್ದನ್ನು ಕೆಳಗೆ ಬರೆಯುತ್ತೇನೆ. ಅಜ್ಜಿಗೆ ಪೂರ್ತಿ ಓದು.

ನಮ್ಮಲ್ಲಿ ಒಂದು ಪದ್ಧತಿ ಇತ್ತು, ಯಾವ ಪುಸ್ತಕದಲ್ಲೂ ಇಲ್ಲದ್ದು. ನೆಲದ ಮೇಲೆ ಕೆಲಸ ಮಾಡುವವರು, ಅಡುಗೆಯವನು, ಕ್ಷೌರದವನು, ದರ್ಜಿ, ಇವರಿಗೆ ವಿಮಾನ ಹತ್ತುವ ಹಕ್ಕಿಲ್ಲ. ಆದರೆ ಎಲ್ಲರಿಗೂ ಒಂದು ಸಲ ನೋಡುವ ಆಸೆ. ವಿಮಾನದಲ್ಲಿ ಎಷ್ಟು ತೂಕ ಇದೆ ಅಂತ ನಾನು ಬರೆದುಕೊಟ್ಟ ಹಾಳೆಯನ್ನು ನಂಬಿ ಪೈಲಟ್ ಸಾಹೇಬರು ಹಾರುತ್ತಿದ್ದರು. ತೂಕ ತಪ್ಪಬಾರದು. ಆದ್ದರಿಂದ ಒಬ್ಬನನ್ನು ಕದ್ದು ಹತ್ತಿಸಿದರೆ ಒಂದು ಚೀಲ ಇಳಿಸುತ್ತಿದ್ದೆವು. ಹಾಳೆಯಲ್ಲಿ ಐವತ್ತು ಚೀಲ ಅಂತಲೇ ಇರುತ್ತಿತ್ತು. ಹಾಗೆ ಐದಾರು ಜನ ಆಕಾಶ ನೋಡಿ ಬಂದಿದ್ದರು. ಮುದಕಪ್ಪನ ಸರದಿ ಕೊನೆಯದು. ಕೇಳಲು ಸಂಕೋಚದ ಮನುಷ್ಯ. ಒಂದು ದಿನ ಬಂದು, “ಅಣ್ಣಾರ, ನಾ ಹೊಲದ ಚೀಲ ಎಲ್ಲಿ ಬೀಳ್ತಾವ ಅಂತ ಒಮ್ಮೆ ನೋಡಬೇಕ್ರಿ,” ಅಂದರು.

ಏಳನೇ ತಾರೀಖು, ಮಂಗಳವಾರ, ಬೆಳಿಗ್ಗೆ. ತಮಾಷೆಗೆ ಅವರನ್ನು ಚೀಲ ತೂಗುವ ತಕ್ಕಡಿಯ ಮೇಲೆ ಕೂರಿಸಿದೆವು. ನಲವತ್ತೊಂಬತ್ತು ಕಿಲೋ. ಹಿಟ್ಟಿನ ಚೀಲಕ್ಕಿಂತ ಒಂದು ಕಿಲೋ ಕಡಿಮೆ. ಒಳ್ಳೇ ಗೋಧಿ ಹಿಟ್ಟು ಕಣಯ್ಯ ನೀನು, ಹತ್ತು, ಅಂದೆ. ಎಲ್ಲರೂ ನಕ್ಕೆವು. ಅವರೂ ನಕ್ಕರು.

ವಿಮಾನದಲ್ಲಿ ಬೆಲ್ಟು ನಾಲ್ಕೇ, ಒದೆಯುವ ನಾಲ್ಕು ಜನರಿಗೆ. ಬಾಲದ ಕಡೆ ಹಿಡಿದುಕೊಂಡು ಕೂತಿರು, ಏಳಬೇಡ ಅಂದಿದ್ದೆ. ಮೊದಲ ಎರಡು ಸುತ್ತು ಕೂತೇ ಇದ್ದರು. ಮೂರನೇ ಸುತ್ತಿಗೆ ಮಂಜು ಸರಿದು ಕಣಿವೆ ಬಿಚ್ಚಿಕೊಂಡಿತು. ಹಸಿರು, ಕೆಳಗೊಂದು ಹೊಳೆ, ಚೀಲ ಬೀಳಬೇಕಾದ ಜಾಗದ ಗುರುತಿಗೆ ಬಿಳಿ ಬಟ್ಟೆ ಹಾಸಿದ ಬಯಲು. ಗಂಟೆ ಹೊಡೆಯಿತು, ನಾವು ಒದ್ದೆವು. ಅವರು ಬಾಗಿಲ ಹತ್ತಿರ ಬಂದು, ಚೀಲ ಹೋದ ದಾರಿಯನ್ನೇ ನೋಡಲು ಬಗ್ಗಿದರು. ವಿಮಾನ ತಿರುಗಿತು.

ಅವರು ಕೂಗಲಿಲ್ಲ. ಕೂಗಿದ್ದರೂ ನಮಗೆ ಕೇಳುತ್ತಿರಲಿಲ್ಲ. ನಾನು ಅಂಗಾತ ಮಲಗಿದ್ದವನು ಕತ್ತು ತಿರುಗಿಸಿದಾಗ ಬಾಗಿಲು ಖಾಲಿ ಇತ್ತು. ಮುಂದಿನ ಸುತ್ತಿನಲ್ಲಿ ನೋಡಿದೆವು. ಹೊಳೆಯ ಪಕ್ಕ, ಬಿದಿರಿನ ಅಂಚಿಗೆ, ಅವರ ನೀಲಿ ಸ್ವೆಟರ್. ಅಲುಗಾಡಲಿಲ್ಲ.

ಸಾಹೇಬರಿಗೆ ಹೇಳಲಿಲ್ಲ. ಇಳಿದಾಗ ಹಾಳೆಯಲ್ಲಿದ್ದ ನಾಲ್ವರೂ ಇಳಿದೆವು. ಐವತ್ತು ಹತ್ತಿಸಿದ್ದು, ಐವತ್ತು ಬಿದ್ದದ್ದು. ಕಾಗದದಲ್ಲಿ ಒಂದಿಷ್ಟೂ ತಪ್ಪಿರಲಿಲ್ಲ. ತಪ್ಪಿದ್ದರೆ ಯಾರಾದರೂ ಕೇಳುತ್ತಿದ್ದರು, ನಾವು ಹೇಳಿಬಿಡುತ್ತಿದ್ದೆವು. ಹಾಜರಿಯಲ್ಲಿ ದರ್ಜಿ ಇಲ್ಲ ಅಂದಾಗ ನಾಲ್ವರೂ ನೆಲ ನೋಡಿದೆವು. ಮೂರನೇ ದಿನ ನನ್ನನ್ನು ಕರೆದು ಕೇಳಿದರು. ರಸ್ತೆ ಕಡೆ ಹೋಗುತ್ತಿದ್ದುದನ್ನು ನೋಡಿದೆ ಅಂದೆ. ಇಪ್ಪತ್ನಾಲ್ಕು ವರ್ಷ ನನಗೆ. ಕೋರ್ಟ್ ಮಾರ್ಷಲ್ ಅಂದರೆ ಗುಂಡಿಕ್ಕುತ್ತಾರೆ ಅಂತಲೇ ತಿಳಿದಿದ್ದೆ.

ಅವರನ್ನು ಹತ್ತಿಸಲು ಇಳಿಸಿಟ್ಟ ಆ ಚೀಲ ಉಗ್ರಾಣದಲ್ಲಿ ಒಂದು ವಾರ ಇತ್ತು. ಅದನ್ನು ಲೆಕ್ಕಕ್ಕೆ ಸೇರಿಸುವಂತಿರಲಿಲ್ಲ, ಎಸೆಯುವಂತಿರಲಿಲ್ಲ. ಆಮೇಲೆ ಅದರ ರೊಟ್ಟಿಯನ್ನು ನಾವೇ ತಿಂದೆವು.

ಫೆಬ್ರವರಿಯಲ್ಲಿ ಆ ಠಾಣೆಯಿಂದ ಬಂದ ಒಬ್ಬ ಹವಾಲ್ದಾರ ಹೇಳಿದ, ಹೊಳೆ ದಡದಲ್ಲಿ ಸ್ವೆಟರ್ ಹಾಕಿದ ಒಬ್ಬನ ಹೆಣ ಸಿಕ್ಕಿತ್ತು, ಯಾರೆಂದು ತಿಳಿಯದೆ ಅಲ್ಲೇ ಹೂತು ಮೇಲೆ ಕಲ್ಲು ಇಟ್ಟೆವು ಅಂತ. ನಾನು ಚಹಾ ಕುಡಿಯುತ್ತ ಕೇಳಿಸಿಕೊಂಡೆ. ಆಗ ನನಗೆ ಕಿವಿ ಕೇಳಿಸುತ್ತಿತ್ತು.

ಉಳಿದ ಮೂವರೂ ತೀರಿಕೊಂಡರು. ದಳದ ಚರಿತ್ರೆ ಬರೆಯುವಾಗ ಸಾಹೇಬರುಗಳು ನನ್ನನ್ನೇ ಹೆಸರುಗಳ ಪಟ್ಟಿ ಕೇಳಿದ್ದರು. ಮುದಕಪ್ಪನ ಹೆಸರು ನಾನು ಕೊಡಲಿಲ್ಲ. ನೀನು ಬರೆದಾಗ ಒಳ್ಳೆಯ ಮಾತು ಹೇಳಿ ಮುಗಿಸಬಹುದು ಅಂದುಕೊಂಡೆ. ಅಜ್ಜಿ ಸೀರೆ ಮಡಿಚಿಟ್ಟರು ಅಂತ ಓದಿದ ಮೇಲೆ ಬರೆಯಲು ಕೂತರೆ ಕೈ ಏಳಲಿಲ್ಲ.

ಇದರ ಜೊತೆ ಒಂದು ಹೇಳಿಕೆ ಇಟ್ಟಿದ್ದೇನೆ. ಅವರು ಓಡಿಹೋಗಲಿಲ್ಲ, ಕೆಲಸದ ಮೇಲೆ ಸತ್ತರು, ತಪ್ಪು ನನ್ನದು ಅಂತ. ನೋಟರಿ ಮುಂದೆ ಸಹಿ ಮಾಡಿದ್ದೇನೆ. ಮಗ ಬೇಡ ಅಂದ, ಪೆನ್ಷನ್ ಹೋಗುತ್ತೆ, ಮರ್ಯಾದೆ ಹೋಗುತ್ತೆ, ಈ ವಯಸ್ಸಲ್ಲಿ ಯಾಕಪ್ಪ ಅಂದ. ಆಶಾರಾಣಿ ನೋಟರಿ ಹತ್ತಿರ ಹೋಗಲು ಆಟೋ ಕರೆದಳು. ಆ ಹೇಳಿಕೆಯನ್ನು ಎಲ್ಲಿಗೆ ಬೇಕಾದರೂ ಕೊಡಿ.

ಕ್ಷಮಿಸಿ ಅಂತ ಬರೆಯಲು ನನಗೆ ಬಾಯಿಲ್ಲ.

ಮುನಿಕೃಷ್ಣ

* * *

ಚಿಕ್ಕಬಾಣಾವರ
15 ಸೆಪ್ಟೆಂಬರ್ 2025

ತಾತ,

ನಿಮ್ಮ ಪತ್ರ ನಾಲ್ಕನೇ ತಾರೀಖೇ ಬಂತು. ಎರಡು ದಿನ ದಿಂಬಿನ ಕೆಳಗಿಟ್ಟುಕೊಂಡಿದ್ದೆ. ಕ್ಲಾಸಿನಲ್ಲಿ ಕೂತಿದ್ದರೂ ಆ ಖಾಲಿ ಬಾಗಿಲೇ ಕಣ್ಣ ಮುಂದೆ. ವೇಣಿಗೆ ಹೇಳಿದೆ. ಅವಳು ಈ ಸಲ ತಮಾಷೆ ಮಾಡಲಿಲ್ಲ, ಲಗ್ಗೆರೆಯವರೆಗೆ ನನ್ನ ಜೊತೆ ಬಂದಳು.

ಓದುವಾಗ ತಕ್ಕಡಿಯ ಭಾಗವನ್ನೂ ರೊಟ್ಟಿಯ ಭಾಗವನ್ನೂ ಬಿಟ್ಟೆ. ಅಜ್ಜಿಗೆ ಗೊತ್ತಾಗಿಬಿಟ್ಟಿತು. “ನೀ ಏನೋ ನುಂಗಿದಿ. ತಿರುಗಿ ಓದು,” ಅಂದರು. ಮೊದಲಿನಿಂದ ಪೂರ್ತಿ ಓದಿದೆ. ಅಮ್ಮ ಗೋಡೆ ಕಡೆ ಮುಖ ಮಾಡಿ ನಿಂತಿದ್ದಳು. ಮಂಜು ಸರಿದು ಕಣಿವೆ ಕಂಡಿತು ಅನ್ನುವ ಸಾಲನ್ನು ಅಜ್ಜಿ ಮೂರು ಸಲ ಓದಿಸಿದರು. ಹೊಳೆ ಇತ್ತಾ, ಹಸಿರಿತ್ತಾ ಅಂತ ಕೇಳಿದರು. ಇತ್ತು ಅಂದೆ. ಆಮೇಲೆ ಎದ್ದು ಹೋಗಿ ನಲ್ಲಿಯ ಹತ್ತಿರ, ತೊಳೆದಿದ್ದ ಪಾತ್ರೆಗಳನ್ನೇ ಮತ್ತೆ ತೊಳೆದರು. ಲಕ್ಷ್ಮಮ್ಮ ಹತ್ತಿರ ಹೋಗಲು ನೋಡಿದರು, ಅಮ್ಮ ಬೇಡ ಅಂದಳು.

ಅಜ್ಜಿ ಅತ್ತದ್ದು ಮರುದಿನ. ಅವರು ಸತ್ತರು ಅಂತ ಅಲ್ಲ. “ಐವತ್ನಾಕು ವರ್ಷ ದಿನಾ ಬೈದೀನಿ ಅವನ್ನ. ಸತ್ತಾಂವನ್ನ ಬೈದೀನಿ,” ಅಂತ.

ನಿಮ್ಮ ಮೇಲೆ ಅಜ್ಜಿಗೆ ಎಷ್ಟು ಸಿಟ್ಟಿದೆ ಅಂತ ನಾನು ಕೇಳಿಲ್ಲ. ಅಮ್ಮನಿಗೆ ತುಂಬ ಇದೆ. ನನಗೂ ಇದೆ, ಇದ್ದರೂ ತಾತ ಅಂತಲೇ ಬರೆಯುತ್ತಿದ್ದೇನೆ, ಬೇರೆ ಏನು ಬರೆಯಬೇಕು ಗೊತ್ತಾಗಲಿಲ್ಲ. ನಿಮ್ಮ ಹೇಳಿಕೆಯನ್ನು ಅಜ್ಜಿ ಟ್ರಂಕಿನಲ್ಲಿ ಇಟ್ಟಿದ್ದಾರೆ. ಹಬ್ಬ ಆಗಲಿ, ಆಮೇಲೆ ಎಲ್ಲಿ ಕೊಡಬೇಕೋ ನೋಡೋಣ ಅಂದಿದ್ದಾರೆ. ಟಿಕೆಟ್ ಕ್ಯಾನ್ಸಲ್ ಮಾಡಿದೆವು. ಕುಂಕುಮದ ವಿಷಯ ಯಾರೂ ಎತ್ತುತ್ತಿಲ್ಲ, ಅಜ್ಜಿಯೂ.

ಬರುವ ಭಾನುವಾರ, ಇಪ್ಪತ್ತೊಂದಕ್ಕೆ, ಮಹಾಲಯ ಅಮಾವಾಸ್ಯೆ. ಅಜ್ಜಿ ಈ ಸಲ ಅವರಿಗೆ ಎಡೆ ಇಡುತ್ತಾರೆ. ಹೊಸ ಪಂಚೆ, ಟವೆಲ್ ತಂದಾಯಿತು. ಒಂದೇ ಒಂದು ತೊಂದರೆ. ಎಡೆಗೆ ತೀರಿಹೋದವರಿಗೆ ಇಷ್ಟವಾದದ್ದನ್ನೇ ಮಾಡಿ ಇಡಬೇಕು. ಅವರಿಗೆ ಏನು ಇಷ್ಟ ಅಂತ ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. ಮದುವೆಯಾಗಿ ಅಜ್ಜಿ ಅವರ ಜೊತೆ ಇದ್ದದ್ದು ಹತ್ತೊಂಬತ್ತು ದಿನ, ಆಮೇಲೆ ಅವರ ರಜೆ ಮುಗಿಯಿತು. ಆ ದಿನಗಳಲ್ಲಿ ಬಡಿಸುತ್ತಿದ್ದವರು ಅತ್ತೆ. ಹೊಸ ಸೊಸೆ ಒಳಗೆ ಕೂತಿರಬೇಕು. ಗಂಡ ಊಟ ಮಾಡುವುದನ್ನು ಅಜ್ಜಿ ಒಂದು ಸಲವೂ ನೋಡಿಲ್ಲವಂತೆ.

ನೀವು ಅವರ ಜೊತೆ ವರ್ಷಗಟ್ಟಲೆ ಊಟ ಮಾಡಿದ್ದೀರಿ. ಅವರು ಯಾವುದನ್ನು ಮತ್ತೆ ಹಾಕಿಸಿಕೊಳ್ಳುತ್ತಿದ್ದರು? ಸಿಹಿಯೋ ಖಾರವೋ? ಅಷ್ಟನ್ನು ಬರೆಯಿರಿ. ಅಜ್ಜಿಯೇ ಕೇಳಿ ಬರೆಸುತ್ತಿದ್ದಾರೆ, ಆಟೋದಲ್ಲಿ ಬಂದು ಈಗ ಪಕ್ಕದಲ್ಲಿ ಕೂತಿದ್ದಾರೆ, ಹಾಸ್ಟೆಲಿನ ವಿಸಿಟರ್ಸ್ ಬೆಂಚಿನ ಮೇಲೆ.

ಶನಿವಾರದೊಳಗೆ ತಲುಪಬೇಕು. ಸ್ಪೀಡ್ ಪೋಸ್ಟ್ ಮಾಡಿಸಿ. ಬೇಗ ಉತ್ತರ ಬರೆಯಿರಿ.

ಶಿವಗಂಗಾ